ಫನೇಗ: ಚೀಲವು ಹೊಲವಾದ ಬಗೆ

ಕೋಸ್ಟರಿಕದ ಕಾಫಿ ತೋಟವೊಂದರ ಕಾಗದಪತ್ರಗಳು ನನ್ನ ಬಳಿ ಅನುವಾದಕ್ಕೆ ಬಂದಿದ್ದವು. ಫಸಲನ್ನು ‘ಫನೇಗ’ಗಳಲ್ಲಿ ಬರೆದಿದ್ದರು. ನಿಘಂಟು ತೆರೆದು, ಒಂದಕ್ಕೆ 55.5 ಲೀಟರಿನಂತೆ ಲೆಕ್ಕ ಹಾಕಿದೆ. ಅದು ಸ್ಪೇನಿನ ಕ್ಯಾಸ್ಟೀಲ್ ಸೀಮೆಯ ಧಾನ್ಯದ ಅಳತೆ. ಕೋಸ್ಟರಿಕದಲ್ಲಿ ಕಾಫಿ ಹಣ್ಣಿನ ಫನೇಗವೆಂದರೆ 400 ಲೀಟರ್. ಕೊಯ್ಲಿನವರು 20 ಲೀಟರಿನ ‘ಕಹುವೇಲ’ದಲ್ಲಿ 20 ಸಲ ಅಳೆದರೆ ಒಂದು ಫನೇಗ. ತೋಟದ ಫಸಲನ್ನು ನಾನು ಏಳನೆಯ ಒಂದು ಪಾಲಿಗೆ ಇಳಿಸಿಬಿಟ್ಟಿದ್ದೆ! ಹಿರಿಯ ಸಹೋದ್ಯೋಗಿಯೊಬ್ಬರ ಕಣ್ಣಿಗೆ ಬಿದ್ದು ತಪ್ಪು ಅಲ್ಲಿಗೇ ನಿಂತಿತು. ಅಂದಿನಿಂದ ಯಾವ ಊರು, ಯಾವ ಬೆಳೆ ಎಂದು ತಿಳಿಯದೆ ಈ ಪದಕ್ಕೆ ಅಂಕಿ ಬರೆಯುವುದಿಲ್ಲ.

ಪದದ ಮೂಲ ಅರಬಿ. ‘ಫನೀಕ’ ಎಂದರೆ ಮಣ್ಣು ಹೊರುವ ಚೀಲ. ಸ್ಪೇನಿನ ನೆಲದಲ್ಲಿ ಆಡುತ್ತಿದ್ದ ಅರಬಿಯಲ್ಲಿ ಅದೇ ಧಾನ್ಯ ಅಳೆಯುವ ಮಾನವಾಗಿ ಸ್ಪ್ಯಾನಿಶ್‌ಗೆ ಇಳಿಯಿತು. ಹನ್ನೆರಡು ‘ಸೆಲೆಮಿನ್’ ಸೇರಿದರೆ ಒಂದು ಫನೇಗ. ಮನೆಗಳಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಅರ್ಧ ಫನೇಗದ ಮರದ ಪೆಟ್ಟಿಗೆ. ಕಾಳು ತುಂಬಿ, ಅಂಚಿಗೆ ಸರಿಯಾಗಿ ಕೋಲಿನಿಂದ ಸವರಿ ಅಳೆಯುತ್ತಿದ್ದರು.

ನನ್ನನ್ನು ಹಿಡಿದು ನಿಲ್ಲಿಸುವುದು ಇದರ ಎರಡನೆಯ ಅರ್ಥ. ಒಂದು ಫನೇಗ ಗೋಧಿ ಬಿತ್ತಲು ಬೇಕಾದಷ್ಟು ಹೊಲಕ್ಕೂ ಫನೇಗವೆಂದೇ ಹೆಸರು. ಅದನ್ನು ‘ಫನೇಗ ದೆ ಪುನ್ಯೊ’ ಎಂದೂ ಕರೆಯುತ್ತಾರೆ. ಪುನ್ಯೊ ಎಂದರೆ ಮುಷ್ಟಿ. ಬೀಜ ಚೆಲ್ಲುವ ಕೈಯೇ ಆ ಹೆಸರಿನೊಳಗಿದೆ ಎಂದು ನನಗೆ ಅನಿಸುತ್ತದೆ. ಖಂಡುಗದ ಗದ್ದೆ, ಕೊಳಗದ ಗದ್ದೆ ಎಂದು ನಮ್ಮ ಶಾಸನಗಳಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಕಾಳಿನ ಅಳತೆಯೇ ನೆಲದ ಅಳತೆ.

ಮಣ್ಣು ಬದಲಾದರೆ, ಬಿತ್ತನೆಯ ಒತ್ತು ಬದಲಾದರೆ, ಅಷ್ಟೇ ಬೀಜ ಹಿಡಿಯುವ ನೆಲವೂ ಬದಲಾಗುತ್ತದೆ. ಕ್ಯಾಸ್ಟೀಲಿನ ಫನೇಗ ಸುಮಾರು 6,440 ಚದರ ಮೀಟರ್, ಅಂದರೆ ನಮ್ಮ ಒಂದು ಎಕರೆ 24 ಗುಂಟೆಯ ಆಸುಪಾಸು. ವಲೆನ್ಸಿಯದ ‘ಅನೆಗಾದ’ ಇದೇ ಕುಲದ ಪದ, ಆದರೆ ಬರೀ 831 ಚದರ ಮೀಟರ್. ಎಂಟು ಗುಂಟೆ ಅಷ್ಟೆ. ಕೊಲಂಬಿಯದ ‘ಫನೆಗಾದ’ 6,400.

1801ರಲ್ಲಿ ನಾಲ್ಕನೆಯ ಕಾರ್ಲೊಸ್ ದೊರೆಯ ಆಡಳಿತ ಆವಿಲ ನಗರದ ಅಳತೆಯನ್ನೇ ದೇಶದ ಧಾನ್ಯಕ್ಕೆಲ್ಲ ಪ್ರಮಾಣವೆಂದು ಆಜ್ಞೆ ಹೊರಡಿಸಿತು. 1849ರಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನೂ ಬಂತು. ಹಳ್ಳಿಯ ಮಾತಿನಿಂದ ಫನೇಗ ಹೋಗಲಿಲ್ಲ.

ಆದ್ದರಿಂದ ಅನುವಾದದಲ್ಲಿ ಆ ಪದವನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಆಯಾ ಊರಿನ ಲೆಕ್ಕ ಕೊಡುತ್ತೇನೆ. ಹಳೆಯ ಗೇಣಿಪತ್ರದಲ್ಲಿ ‘ಮೂರು ಫನೇಗಕ್ಕೆ ಎರಡು ಫನೇಗ ಗೋಧಿ’ ಎಂಬಂಥ ಸಾಲು ಬಂದರೆ ಮೊದಲನೆಯದು ಹೊಲ, ಎರಡನೆಯದು ಕಾಳು. ಕ್ಯಾಸ್ಟೀಲಿನ ಪತ್ರವಾದರೆ, ರೈತ ಸುಮಾರು ಐದು ಎಕರೆಗೆ 86 ಕಿಲೋ ಗೋಧಿ ಅಳೆದು ಕೊಡಬೇಕಿತ್ತು.