ಓದುಗರ ಪ್ರಶ್ನೆ: ಗಾಲ್ಫ್‌ನಲ್ಲಿ ಎದುರು ಗಾಳಿಗೆ ಜೋರಾಗಿ ಹೊಡೆದಷ್ಟೂ ಬಾಲ್ ನೀರಿಗೇ ಬೀಳುತ್ತಲ್ಲ, ಯಾಕೆ?

ಪ್ರಶ್ನೆ: ನಾನು ಆಡೋ ಗಾಲ್ಫ್ ಕೋರ್ಸಲ್ಲಿ ಗಾಳಿ ನಿಲ್ಲೋದೇ ಇಲ್ಲ, ಎಲ್ಲಿ ನೋಡಿದ್ರೂ ನೀರು. ಪ್ರಾಕ್ಟೀಸ್ ರೇಂಜಲ್ಲಿ ನನ್ನ 7 ಐರನ್ (ಲೋಹದ ತಲೆಯ ಕ್ಲಬ್, ನಂಬರ್ ಕಡಿಮೆ ಆದಷ್ಟೂ ಬಾಲ್ ದೂರ ಹೋಗುತ್ತೆ) ಆರಾಮಾಗಿ 150 ಯಾರ್ಡ್ ಹೋಗುತ್ತೆ. ಅಷ್ಟೇ ದೂರದ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ) ಹೋಲಲ್ಲಿ ಗಾಳಿ ಇದೆ ಅಂತ ಇನ್ನೂ ಜೋರಾಗಿ ಹೊಡೀತೀನಿ, ಬಾಲ್ ಗ್ರೀನ್ (ಕುಳಿ ಇರೋ ನುಣುಪು ಹುಲ್ಲಿನ ಜಾಗ) ಮುಂದೆ ನೀರಿಗೆ ಬೀಳುತ್ತೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ ಜೋರಾಗಿ ಹೊಡೆಯೋದನ್ನ ಬಿಡಿ. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ಹಾಗೆ ಅಂತಾರಲ್ಲ, ನೀವು ಮಾಡ್ತಿರೋದು ಅಕ್ಷರಶಃ ಅದೇ. ಐರನ್‌ನಲ್ಲಿ ಹೊಡೆದ ಬಾಲ್ ಹಿಂದಕ್ಕೆ ಸುತ್ತುತ್ತಾ ಮುಂದಕ್ಕೆ ಹೋಗುತ್ತೆ, ಆ ಬ್ಯಾಕ್‌ಸ್ಪಿನ್ನೇ ಅದನ್ನ ಮೇಲಕ್ಕೆ ಎತ್ತೋದು. ಕ್ಲಬ್ ಜೋರಾಗಿ ಬೀಸಿದಷ್ಟೂ ಸ್ಪಿನ್ ಜಾಸ್ತಿ, ಅದರ ಮೇಲೆ ಎದುರು ಗಾಳಿ ಬೇರೆ ಬಂದ್ರೆ ಎತ್ತೋ ಶಕ್ತಿ ಇನ್ನೂ ಏರಿ ಬಾಲ್ ಗಾಳಿಪಟದ ಹಾಗೆ ಮೇಲೆ ಮೇಲೆ ಹೋಗಿ, ಒಂದ್ ಕ್ಷಣ ಅಲ್ಲೇ ನಿಂತ ಹಾಗಾಗಿ, ಆಮೇಲೆ ಧೊಪ್ ಅಂತ ಹೆಚ್ಚುಕಡಿಮೆ ನೇರ ಕೆಳಕ್ಕೆ. ಕೆಳಗೆ ಏನಿದೆ ಅಂತ ನಿಮಗೇ ಗೊತ್ತು.

ಆಟಗಾರರು ಬಳಸೋ ಒಂದು ಅಂದಾಜು ಲೆಕ್ಕ ಇದೆ. ಎದುರು ಗಾಳಿಯ ವೇಗ ಗಂಟೆಗೆ ಎಷ್ಟು ಮೈಲಿಯೋ ಅದರ ಒಂದೊಂದು ಮೈಲಿಗೂ ದೂರಕ್ಕೆ ಶೇಕಡಾ 1 ಸೇರಿಸಿ, ಹಿಂದಿನಿಂದ ಬೀಸ್ತಿದ್ರೆ ಶೇಕಡಾ ಅರ್ಧ ಕಳೀರಿ. ಅಂದ್ರೆ ಎದುರಿಗೆ 10 ಮೈಲಿ ಗಾಳಿ ಇದ್ದಾಗ ನಿಮ್ಮ 150 ಯಾರ್ಡ್ ಹೋಲು 165 ಆಯ್ತು, ಅದೇ ಗಾಳಿ ಬೆನ್ನಿಗಿದ್ರೆ 142ರ ಆಸುಪಾಸು. ಗಮನಿಸಿ, ಎದುರು ಗಾಳಿ ಕಿತ್ಕೊಳ್ಳೋದರಲ್ಲಿ ಬೆನ್ನ ಗಾಳಿ ವಾಪಸ್ ಕೊಡೋದು ಅರ್ಧ ಮಾತ್ರ.

ಹಾಗಾಗಿ 165ಕ್ಕೆ 7 ಐರನ್ ಅಲ್ಲ, 5 ಐರನ್ ತಗೊಳ್ಳಿ, ಅಥವಾ ಹೈಬ್ರಿಡ್ (ದೂರ ಹೊಡೆಯೋ ಇನ್ನೊಂದು ಥರದ ಕ್ಲಬ್). ಸ್ವಿಂಗ್ ಮುಕ್ಕಾಲು ಸಾಕು. ಬಾಲ್ ಸ್ವಲ್ಪ ಹಿಂದಿನ ಕಾಲಿನ ಕಡೆಗೆ, ಗ್ರಿಪ್ ಒಂದಿಂಚು ಕೆಳಗೆ ಹಿಡಿದು, ಹೊಡೆದಾದ ಮೇಲೆ ಕೈ ಎದೆ ಮಟ್ಟಕ್ಕೇ ನಿಲ್ಲಲಿ. ಪಕ್ಕದಲ್ಲಿರೋರು 'ಏನ್ ಇಷ್ಟು ದೊಡ್ಡ ಕ್ಲಬ್ಬಾ' ಅಂತ ನಗಬಹುದು, ನಗ್ಲಿ ಬಿಡಿ, ಅವರ ಬಾಲ್ ಎಲ್ಲಿ ಬೀಳುತ್ತೆ ನೋಡೋಣ. ಇನ್ನೊಂದು ತಪ್ಪು ಎಲ್ರೂ ಮಾಡ್ತಾರೆ, ಫ್ಲ್ಯಾಗ್‌ವರೆಗಿನ ದೂರ ನೋಡಿ ಕ್ಲಬ್ ಆರಿಸ್ತಾರೆ, ಅದೂ ಜೀವನದಲ್ಲಿ ಒಂದ್ಸಲ ಸೂಪರ್ ಆಗಿ ಬಿದ್ದ ಹೊಡೆತದ ದೂರ ಇಟ್ಕೊಂಡು. ಮುಂದೆ ನೀರಿದ್ರೆ ಗ್ರೀನಿನ ಹಿಂದಿನ ಅಂಚಿಗೆ ಆಡಿ. ಸ್ವಲ್ಪ ಕೆಟ್ಟದಾಗಿ ಬಿದ್ರೂ ಗ್ರೀನ್ ಮಧ್ಯಕ್ಕೆ ಬಂದಿರುತ್ತೆ.

ಗಾಳಿ ಎಷ್ಟಿದೆ ಅಂತ ಹುಲ್ಲು ಕಿತ್ತು ಹಾರಿಸಿದ್ರೆ ಗೊತ್ತಾಗೋದು ನಿಮ್ಮ ಮುಖದ ಮುಂದಿನ ಗಾಳಿ ಮಾತ್ರ. ಬಾಲ್ ಹೋಗೋದು ಮರಗಳ ತುದಿಗಿಂತ ಮೇಲೆ, ಟೀ (ಮೊದಲ ಹೊಡೆತ ಹೊಡೆಯೋ ಜಾಗ) ಸುತ್ತ ಮರ ಇದ್ರೆ ಕೆಳಗೆ ಏನೂ ಗೊತ್ತೇ ಆಗಲ್ಲ. ಮರದ ತುದಿ ನೋಡಿ, ಫ್ಲ್ಯಾಗ್ ನೋಡಿ, ಎಲ್ಲಕ್ಕಿಂತ ಚೆನ್ನಾಗಿ ಹೇಳೋದು ನೀವು ಬೈಕೊಳ್ಳೋ ಆ ನೀರೇ. ದಡದ ಹತ್ರ ಕನ್ನಡಿ ಥರ ಇದ್ದು ಮಧ್ಯದಲ್ಲಿ ಅಲೆ ಎದ್ದಿದ್ರೆ, ದಡಕ್ಕೆ ಏನೋ ಮರೆ ಇದೆ, ಬಾಲ್ ಮಧ್ಯಕ್ಕೆ ಹೋದಾಗ ಗಾಳಿ ಹಿಡಿಯುತ್ತೆ ಅಂತ ಅರ್ಥ. ಅಲೆ ಯಾವ ಕಡೆ ಓಡ್ತಿದೆ ಅನ್ನೋದು ಗಾಳಿಯ ದಿಕ್ಕು. ಗಾಳಿ ಬಿಟ್ಟು ಬಿಟ್ಟು ಬರ್ತಿದ್ರೆ ಅವಸರ ಮಾಡ್ಬೇಡಿ, ಒಂದ್ಸಲ ಕಡಿಮೆಯಾಗೋ ತನಕ ಕಾದು ಹೊಡೀರಿ, ಆದ್ರೆ ಹಿಂದೆ ಕಾಯ್ತಿರೋರ ತಾಳ್ಮೆನೂ ನೋಡ್ಕೊಳ್ಳಿ.

ಪಕ್ಕದ ಗಾಳಿ ನೀರಿನ ಕಡೆ ತಳ್ತಿದ್ರೆ ಒಣ ನೆಲದ ಕಡೆಗೆ ಗುರಿ ಇಟ್ಟು ಗಾಳಿ ಒಳಗೆ ತರಲಿ ಅಂತ ಬಿಡಿ. ಉಲ್ಟಾ ಮಾತ್ರ ಮಾಡ್ಬೇಡಿ, ನೀರಿನ ಮೇಲೆ ಬಾಲ್ ಶುರು ಮಾಡಿ ಗಾಳಿ ವಾಪಸ್ ತರುತ್ತೆ ಅಂತ ನಂಬಿದ ದಿನನೇ ಗಾಳಿ ನಿಲ್ಲುತ್ತೆ. ಬೆನ್ನ ಗಾಳಿಯಲ್ಲಿ ಬಾಲ್ ಬಿದ್ದ ಮೇಲೆ ನಿಲ್ಲಲ್ಲ, ಅಲ್ಲಿ ಗ್ರೀನಿನ ಹಿಂದೆ ನೀರಿದೆಯಾ ನೋಡ್ಕೊಂಡು ಮುಂದಿನ ಭಾಗಕ್ಕೆ ಇಳಿಸಿ.

ನಿಮಗೊಬ್ಬರಿಗೇ ಹೀಗೆ ಅಂದ್ಕೋಬೇಡಿ. ಫ್ಲೋರಿಡಾದ ಟಿಪಿಸಿ ಸಾಗ್ರಾಸ್‌ನಲ್ಲಿ ಪೀಟ್ ಡೈ ವಿನ್ಯಾಸ ಮಾಡಿದ 17ನೇ ಹೋಲ್ ಇದೆ, ಸುತ್ತ ನೀರು, ನಡುವೆ ದ್ವೀಪದ ಥರ ಗ್ರೀನ್, ದೂರ ಸುಮಾರು 137 ಯಾರ್ಡ್ ಅಷ್ಟೇ, ಪ್ರೊಗಳಿಗೆ ಅದು ವೆಜ್ಜು, ಅಂದ್ರೆ ಹತ್ತಿರದ ದೂರಕ್ಕೆ ಬಾಲ್ ಎತ್ತರಕ್ಕೆ ಹಾರಿಸೋ ಕ್ಲಬ್ ಸಾಕು. ಆದ್ರೂ ಗಾಳಿ ಇದ್ದ 2007ರ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಮೊದಲನೇ ಸುತ್ತಿನಲ್ಲಿ ಅಲ್ಲಿ 50 ಬಾಲ್ ನೀರು ಸೇರಿದ್ವು. 2005ರಲ್ಲಿ ಬಾಬ್ ಟ್ವೇ ನಾಲ್ಕು ಬಾಲ್ ಮುಳುಗಿಸಿ ಆ ಒಂದೇ ಹೋಲಲ್ಲಿ 12 ಸ್ಟ್ರೋಕ್ ತಗೊಂಡ್ರು. ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಮೆಂಟ್) ಗೆದ್ದಿರೋ ಮನುಷ್ಯ ಅವರು.

ಇನ್ನು ಬಿದ್ದೇ ಹೋಯ್ತು ಅನ್ಕೊಳ್ಳಿ. 2019ರಿಂದ ನಿಯಮದಲ್ಲಿ ಅದರ ಹೆಸರು ವಾಟರ್ ಹಜಾರ್ಡ್ ಅಲ್ಲ, ಪೆನಾಲ್ಟಿ ಏರಿಯಾ. ದಂಡ ಒಂದು ಸ್ಟ್ರೋಕ್, ಅಂದ್ರೆ ಲೆಕ್ಕಕ್ಕೆ ಒಂದು ಹೊಡೆತ ಜಾಸ್ತಿ. ಅದರ ಅಂಚು ತೋರಿಸೋ ಗೂಟ ಹಳದಿಯೋ ಕೆಂಪೋ ನೋಡಿ, ಇದನ್ನ ನೋಡದೇ ಡ್ರಾಪ್ ಮಾಡೋರೇ (ಬಾಲ್ ಕೈಯಿಂದ ನೆಲಕ್ಕೆ ಬಿಟ್ಟು ಅಲ್ಲಿಂದ ಆಡೋರೇ) ಜಾಸ್ತಿ. ಎರಡರಲ್ಲೂ ಹಿಂದಿನ ಜಾಗದಿಂದಲೇ ಮತ್ತೆ ಆಡಬಹುದು, ಇಲ್ಲಾಂದ್ರೆ ಬಾಲ್ ಕೊನೆಯದಾಗಿ ಅಂಚು ದಾಟಿದ ಜಾಗವನ್ನ ನಿಮಗೂ ಹೋಲ್‌ಗೂ ಮಧ್ಯ ಇಟ್ಕೊಂಡು ಆ ಗೆರೆ ಮೇಲೆ ಎಷ್ಟು ಹಿಂದಕ್ಕೆ ಬೇಕಾದ್ರೂ ಹೋಗಬಹುದು. ಕೆಂಪಾದ್ರೆ ಇನ್ನೊಂದು ಅನುಕೂಲ, ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರ ಆಗದ ಹಾಗೆ. ಬಾಲ್ ಬುಳುಕ್ ಅಂದ ಜಾಗ ಯಾವ ಲೆಕ್ಕಕ್ಕೂ ಇಲ್ಲ. ಗಾಳಿ ದಿನ ಇದು ಮುಖ್ಯ ಆಗುತ್ತೆ, ಯಾಕಂದ್ರೆ ಬಾಲ್ ಆಚೆ ದಡಕ್ಕೆ ಬಿದ್ದು ಉರುಳಿ ವಾಪಸ್ ನೀರಿಗೆ ಹೋಗಿದ್ರೆ ಅದು ಕೊನೆಗೆ ಅಂಚು ದಾಟಿದ್ದು ಆಚೆ ದಡದಲ್ಲಿ, ಕೆಂಪು ಗೂಟ ಇದ್ರೆ ನೀವೂ ಆಚೆ ಹೋಗಿ ಡ್ರಾಪ್ ಮಾಡಬಹುದು, ಹಳದಿ ಇದ್ರೆ ಈಚೆಗೇ ಬರಬೇಕು, ಅದೇ ನೀರನ್ನ ಮತ್ತೆ ದಾಟಿಸಬೇಕು.

ಹಿಂದಕ್ಕೆ ಹೋಗೋವಾಗ ಎದುರು ಗಾಳಿ ಇದ್ರೆ ವೆಜ್ ಫುಲ್ ಸ್ವಿಂಗ್ ಬೇಕಾಗೋ ದೂರ ಆರಿಸ್ಬೇಡಿ, ಅದೇ ಎಲ್ಲಕ್ಕಿಂತ ಮೇಲೆ ತೇಲೋದು. 8 ಐರನ್ ಅರ್ಧ ಸ್ವಿಂಗ್‌ಗೆ ಸರಿ ಬರೋ ಜಾಗಕ್ಕೆ ಹೋಗಿ.

ಇನ್ನೊಂದು ಹೇಳ್ಲೇಬೇಕು. 2019ರ ಫೀನಿಕ್ಸ್ ಓಪನ್ ಕೊನೇ ದಿನ 11ನೇ ಹೋಲಲ್ಲಿ ಪ್ರೊ ಆಟಗಾರ ರಿಕಿ ಫೌಲರ್ ಬಾಲ್ ನೀರಿಗೆ ಹೋಯ್ತು, ದಂಡ ತಗೊಂಡು ಡ್ರಾಪ್ ಪ್ರಕ್ರಿಯೆ ಎಲ್ಲ ಮುಗಿಸಿ ಗ್ರೀನ್ ನೋಡೋಕೆ ಅಂತ ಮೇಲೆ ಹೋದ್ರು, ಅಷ್ಟರಲ್ಲಿ ನಿಂತಿದ್ದ ಬಾಲ್ ತಾನಾಗೇ ಉರುಳಿ ಮತ್ತೆ ನೀರಿಗೆ, ಅದಕ್ಕೂ ಒಂದು ದಂಡ. ಹೋಲ್ ಮುಗಿಯೋವಾಗ 7 ಸ್ಟ್ರೋಕ್. ಕೊನೆಗೆ ಟೂರ್ನಮೆಂಟ್ ಗೆದ್ರು ಅನ್ನೋದು ಬೇರೆ ಮಾತು. 2023ರ ನಿಯಮದಲ್ಲಿ ಇದನ್ನ ಸರಿ ಮಾಡಿದ್ದಾರೆ, ಡ್ರಾಪ್ ಮಾಡಿ ನಿಂತ ಬಾಲ್ ಗಾಳಿಗೋ ಇಳಿಜಾರಿಗೋ ಹೊರಳಿ ನೀರಿಗೆ ಹೋದ್ರೆ ದಂಡ ಇಲ್ಲದೇ ಅದೇ ಜಾಗಕ್ಕೆ ವಾಪಸ್ ಇಟ್ಟು ಆಡಬೇಕು. ಆಳಕ್ಕೆ ಹೋಗಿ ಕೈಗೆ ಸಿಗ್ಲಿಲ್ಲ ಅಂದ್ರೆ ಬೇರೆ ಬಾಲ್ ಇಡಬಹುದು.