ಬೇಸಿಗೆಯಲ್ಲಿ ಹುಟ್ಟಿದ ಹಿಮದ ನಾಟಕ

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 'ಮ್ಯೂನಿ' ಅಂತ ಒಂದು ಬಯಲು ರಂಗಮಂದಿರ ಇದೆ. ಫಾರೆಸ್ಟ್ ಪಾರ್ಕ್‌ನ ಮರಗಳ ನಡುವೆ ಸುಮಾರು 11,000 ಸೀಟು. ಅಲ್ಲಿ ಆಟ ನಡೆಯುವುದೇ ಬೇಸಿಗೆಯಲ್ಲಿ. ಕತ್ತಲಾದರೂ ಸೆಕೆ ಇಳಿದಿರುವುದಿಲ್ಲ. 2000ನೇ ಇಸವಿಯಲ್ಲಿ ಅಂಥ ಸೆಕೆಯಲ್ಲೇ 'ವೈಟ್ ಕ್ರಿಸ್‌ಮಸ್' ಸಂಗೀತ ನಾಟಕ ಮೊದಲ ಸಲ ರಂಗಕ್ಕೆ ಬಂತು. ನಟರು ಉಣ್ಣೆ ಕೋಟು, ಮಫ್ಲರ್ ಹಾಕಿಕೊಂಡು ಹಿಮಕ್ಕಾಗಿ ಹಂಬಲಿಸುವ ಕಥೆ ಅದು.

ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಆ ಹಾಡಿನ ಹಿಂದಿನ ಕಥೆಯೇ ಹಾಗಿದೆ. ಅರ್ವಿಂಗ್ ಬರ್ಲಿನ್ ಬರೆದ 'ವೈಟ್ ಕ್ರಿಸ್‌ಮಸ್' ಹಾಡಿಗೆ ಒಂದು ಪೀಠಿಕೆ ಇದೆ, ಜಾಸ್ತಿ ಯಾರೂ ಹಾಡುವುದಿಲ್ಲ. ಅದರಲ್ಲಿ ಹಿಮವೇ ಇಲ್ಲ. ಲಾಸ್ ಏಂಜಲಿಸ್‌ನ ಬಿಸಿಲು, ಹಸಿರು ಹುಲ್ಲು, ಕಿತ್ತಳೆ ಮರ, ತಾಳೆ ಮರ. ಡಿಸೆಂಬರ್‌ನಲ್ಲೂ ಸೆಕೆಯ ಊರಲ್ಲಿ ಸಿಕ್ಕಿಕೊಂಡವನಿಗೆ ಉತ್ತರದ ಚಳಿ ನೆನಪಾಗುತ್ತಿದೆ, ಅಷ್ಟೇ. ಬಿಂಗ್ ಕ್ರಾಸ್ಬಿ ಇದನ್ನು 1941ರ ಕ್ರಿಸ್‌ಮಸ್ ದಿನ ರೇಡಿಯೋದಲ್ಲಿ ಹಾಡಿದರು, 1942ರ ಮೇ ತಿಂಗಳಲ್ಲಿ ರೆಕಾರ್ಡ್ ಮಾಡಿದರು. ಅದೇ ವರ್ಷ 'ಹಾಲಿಡೇ ಇನ್' ಸಿನಿಮಾದಲ್ಲಿ ಹಾಡು ಬಂತು, ಮರುವರ್ಷ ಆಸ್ಕರ್ ಗೆದ್ದಿತು. ಎರಡನೇ ಮಹಾಯುದ್ಧದ ಕಾಲ. ದೂರದ ಮುಂಚೂಣಿಯಲ್ಲಿದ್ದ ಸೈನಿಕರಿಗೆ ಅದು ಮನೆಯ ಹಾಡಾಯಿತು. ಬರ್ಲಿನ್ ಹುಟ್ಟಿದ್ದು ರಷ್ಯಾ ಸಾಮ್ರಾಜ್ಯದ ಯಹೂದಿ ಕುಟುಂಬದಲ್ಲಿ. ಕ್ರಿಸ್‌ಮಸ್ ಅವರ ಮನೆತನದ ಹಬ್ಬವೇ ಅಲ್ಲ. 1928ರ ಕ್ರಿಸ್‌ಮಸ್ ದಿನವೇ ಅವರು ತಮ್ಮ ಹಸುಗೂಸನ್ನು ಕಳೆದುಕೊಂಡಿದ್ದರು. ಆ ಹಾಡಿನ ಸಣ್ಣ ದುಗುಡ ಎಲ್ಲಿಂದ ಬಂತು ಅಂತ ಕೇಳಿದರೆ ನಾನಂತೂ ಇದನ್ನೇ ಹೇಳುತ್ತೇನೆ.

1954ರಲ್ಲಿ ಹಾಡಿನ ಹೆಸರಲ್ಲೇ ಸಿನಿಮಾ ಬಂತು. ನಿರ್ದೇಶನ ಮೈಕಲ್ ಕರ್ಟಿಸ್. ಕ್ರಾಸ್ಬಿ ಜೊತೆ ಕುಣಿಯಬೇಕಿದ್ದವರು ಫ್ರೆಡ್ ಅಸ್ಟೇರ್. ಅವರು ಒಲ್ಲೆ ಅಂದರು. ಡೊನಾಲ್ಡ್ ಓಕಾನರ್ ಬಂದರು, ಕಾಯಿಲೆ ಬಿದ್ದರು. ಕೊನೆಗೆ ಡ್ಯಾನಿ ಕೇ. ಕಥೆ ಸರಳ: ಯುದ್ಧ ಮುಗಿಸಿ ಬಂದ ಇಬ್ಬರು ಕಲಾವಿದರು, ಹಾಡುವ ಅಕ್ಕ-ತಂಗಿ, ವರ್ಮಾಂಟ್‌ನ ಒಂದು ಹೋಟೆಲು. ಹೋಟೆಲಿನ ಯಜಮಾನ ಈ ಇಬ್ಬರ ಹಳೆಯ ಜನರಲ್. ಹಿಮ ಬಿದ್ದಿಲ್ಲ, ಗಿರಾಕಿಗಳಿಲ್ಲ, ಸಾಹೇಬರು ಮುಳುಗುತ್ತಿದ್ದಾರೆ. ಹುಡುಗರು ಸೇರಿ ಆಟ ಕಟ್ಟಿ ಜನ ಸೇರಿಸುತ್ತಾರೆ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ದುಡ್ಡು ಮಾಡಿದ ಚಿತ್ರ ಅದು.

ಆಟ ಕಟ್ಟುವವರ ಕಥೆಯನ್ನೇ ಆಟ ಮಾಡಲು ಮತ್ತೆ 46 ವರ್ಷ ಬೇಕಾಯಿತು. ಡೇವಿಡ್ ಐವ್ಸ್ ಮತ್ತು ಪಾಲ್ ಬ್ಲೇಕ್ ರಂಗರೂಪ ಬರೆದರು. ಸಿನಿಮಾದ ಹಾಡುಗಳ ಜೊತೆ ಬರ್ಲಿನ್‌ರ ಹಳೆಯ ಖಜಾನೆಯಿಂದ 'ಐ ಲವ್ ಎ ಪಿಯಾನೊ' ಥರದ ಹಾಡುಗಳನ್ನು ತಂದು ಸೇರಿಸಿದರು. ಸಿನಿಮಾದಲ್ಲಿ ಮಿನ್‌ಸ್ಟ್ರೆಲ್ ಆಟವನ್ನು ಹೊಗಳುವ ಒಂದು ಭಾಗ ಇತ್ತು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟ ಅದು. ಸಿನಿಮಾದಲ್ಲಿ ಮಸಿ ಇರಲಿಲ್ಲ, ಹೊಗಳಿಕೆ ಇತ್ತು. ರಂಗರೂಪದಲ್ಲಿ ಅದು ಪೂರ್ತಿ ಹೋಯಿತು. ಒಳ್ಳೆಯದೇ ಆಯಿತು.

2004ರಲ್ಲಿ ವಾಲ್ಟರ್ ಬಾಬಿ ನಿರ್ದೇಶನದಲ್ಲಿ, ರ‍್ಯಾಂಡಿ ಸ್ಕಿನರ್ ನೃತ್ಯ ಸಂಯೋಜನೆಯಲ್ಲಿ ನಾಟಕ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು. ನ್ಯೂಯಾರ್ಕಿಗಲ್ಲ. ಮರುವರ್ಷ ಬೋಸ್ಟನ್, ಲಾಸ್ ಏಂಜಲಿಸ್. 2006ರಿಂದ ಬ್ರಿಟನ್ನಿನ ಊರುಗಳು. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ತಾಣ ಬ್ರಾಡ್‌ವೇ ತಲುಪಿದ್ದು 2008ರ ನವೆಂಬರ್‌ನಲ್ಲಿ. 2009ರ ಜನವರಿ 4ಕ್ಕೆ ಗಂಟುಮೂಟೆ ಕಟ್ಟಿತು. ಆ ವರ್ಷದ ಕೊನೆಗೆ ಇನ್ನೊಮ್ಮೆ ಬಂದು ಹೋಯಿತು. ಲಂಡನ್ನಿನ ಡೊಮಿನಿಯನ್ ಥಿಯೇಟರಿಗೆ 2014ರಲ್ಲಿ. 2018ರಲ್ಲಿ ಲೆಸ್ಟರ್ ಊರಿನ ಕರ್ವ್ ರಂಗಮಂದಿರ ಹೊಸದಾಗಿ ಮಾಡಿತು. ಮರುವರ್ಷ ಅದೂ ಲಂಡನ್ನಿಗೆ ಹೋಯಿತು. ನಮಗೆ ಬ್ರಾಡ್‌ವೇ ಅಂದರೆ ದೊಡ್ಡ ಗಮ್ಯ. ಈ ನಾಟಕಕ್ಕೆ ಅದು ದಾರಿಯ ಇನ್ನೊಂದು ಕ್ಯಾಂಪು.

ಯಾಕೆ ಹೀಗೆ? ಕಾರಣ ಗಲ್ಲಾಪೆಟ್ಟಿಗೆಯಲ್ಲಿದೆ. ಅಮೆರಿಕದ ಊರೂರಿನ ರಂಗಮಂದಿರಗಳಿಗೆ ಡಿಸೆಂಬರ್ ಅಂದರೆ ನಮ್ಮ ಕಂಪನಿ ನಾಟಕದವರಿಗೆ ಬನಶಂಕರಿ ಜಾತ್ರೆ ಇದ್ದ ಹಾಗೆ. ವರ್ಷವಿಡೀ ನಾಟಕದ ಕಡೆ ತಲೆಹಾಕದವರೂ ಆಗ ಅಜ್ಜ, ಅಜ್ಜಿ, ಮೊಮ್ಮಕ್ಕಳ ಸಮೇತ ಬರುತ್ತಾರೆ. ಆ ದುಡ್ಡಲ್ಲೇ ಫೆಬ್ರುವರಿಯ ಹೊಸ, ಕಷ್ಟದ ನಾಟಕ ನಡೆಯಬೇಕು. ಅದಕ್ಕೇ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್ 1975ರಿಂದ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರೊಲ್' ಆಡಿಕೊಂಡು ಬಂದಿದೆ. ಡಿಸೆಂಬರ್ ಜಾಗಕ್ಕೆ ಜಗಳವೂ ಆಗುತ್ತದೆ. ಬೋಸ್ಟನ್‌ನ ವಾಂಗ್ ಥಿಯೇಟರ್ 2004ರ ಹಂಗಾಮಿಗೆ ತನ್ನದೇ ಊರಿನ ಬ್ಯಾಲೆ ತಂಡದ 'ನಟ್‌ಕ್ರ್ಯಾಕರ್' ಅನ್ನು ಹೊರಗೆ ಹಾಕಿ, ನ್ಯೂಯಾರ್ಕಿನ ರಾಕೆಟ್ಸ್ ಕುಣಿತಗಾರ್ತಿಯರನ್ನು ಕರೆಸಿತು. ಊರವರು ಸಿಟ್ಟಾದರು.

ಡಿಕನ್ಸ್ ಕಥೆ ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. 'ವೈಟ್ ಕ್ರಿಸ್‌ಮಸ್' ನಾಟಕ ಹಾಗಲ್ಲ. ಲೈಸೆನ್ಸ್ ತಗೋಬೇಕು, ಪ್ರದರ್ಶನಕ್ಕೆ ಇಷ್ಟು ಅಂತ ರಾಯಲ್ಟಿ ಕಟ್ಟಬೇಕು, ಕೇಳದೆ ಒಂದು ಸಾಲು ಕೂಡ ಬದಲಿಸುವ ಹಾಗಿಲ್ಲ. ಆದರೂ ತಗೋತಾರೆ. ಹಾಡು ಎಲ್ಲರಿಗೂ ಬಾಯಿಪಾಠ, ಜಾಹೀರಾತಿನ ಅರ್ಧ ಕೆಲಸ ಅಲ್ಲೇ ಮುಗಿಯಿತು. ಕಷ್ಟ ಇರುವುದು ಟ್ಯಾಪ್ ಡ್ಯಾನ್ಸಿನಲ್ಲಿ. ಎರಡನೇ ಅಂಕ ಶುರುವಾಗುವುದೇ 'ಐ ಲವ್ ಎ ಪಿಯಾನೊ' ಕುಣಿತದಿಂದ. ಬೂಟಿನ ಅಡಿಯ ಲೋಹದ ತಗಡು ಇಡೀ ತಂಡದ್ದು ಒಂದೇ ಏಟಿಗೆ ನೆಲ ಮುಟ್ಟಬೇಕು. ಒಬ್ಬರು ತಪ್ಪಿದರೂ ಕೊನೆಯ ಸಾಲಿಗೆ ಕೇಳಿಸುತ್ತದೆ. ಸಣ್ಣ ಊರಿನ ಹವ್ಯಾಸಿ ತಂಡಗಳು ಸೋಲುವುದು ಇಲ್ಲೇ.

ಹಿಮದಲ್ಲಿ ಮಾತ್ರ ಬಡವ-ಶ್ರೀಮಂತ ಭೇದ ಅಷ್ಟಿಲ್ಲ. ದುಡ್ಡಿದ್ದವರು ಸೋಪಿನ ನೊರೆ ಊದುವ ಯಂತ್ರ ಇಡುತ್ತಾರೆ, ಪ್ರೇಕ್ಷಕರ ತಲೆ ಮೇಲೂ ಬೀಳಿಸುತ್ತಾರೆ. ಇಲ್ಲದವರದ್ದು ಹಳೆಯ ಉಪಾಯ. ವೇದಿಕೆಯ ಉದ್ದಕ್ಕೂ ಮೇಲೆ ಬಟ್ಟೆಯ ಜೋಳಿಗೆ ಕಟ್ಟುತ್ತಾರೆ. ಒಂದು ಪಕ್ಕದಲ್ಲಿ ಸಾಲಾಗಿ ತೂತು. ಒಳಗೆ ಕಾಗದದ ಇಲ್ಲವೇ ಪ್ಲಾಸ್ಟಿಕ್ಕಿನ ಚೂರು. ಬದಿಯಲ್ಲಿ ನಿಂತವನು ಹಗ್ಗವನ್ನು ಮೆಲ್ಲಗೆ ಜಗ್ಗುತ್ತಾನೆ, ತೊಟ್ಟಿಲು ತೂಗಿದ ಹಾಗೆ. ಜೋರಾಗಿ ಜಗ್ಗಿದರೆ ದೊಪ್ಪನೆ ಗುಡ್ಡೆ ಬೀಳುತ್ತದೆ, ಜನ ನಗುತ್ತಾರೆ. ಸರಿಯಾಗಿ ಜಗ್ಗಿದರೆ ನಾಟಕದ ಕೊನೆಗೆ ಹೋಟೆಲಿನ ಕೊಟ್ಟಿಗೆಯ ಬಾಗಿಲು ತೆರೆದುಕೊಳ್ಳುವ ಹೊತ್ತಿಗೆ ಆಚೆ ಕಡೆ ಹಿಮ ಬೀಳುತ್ತಿರುತ್ತದೆ, ಕೆಳಗೆ ಕೂತವರು ತಾವಾಗಿಯೇ ಹಾಡಲು ಶುರು ಮಾಡುತ್ತಾರೆ.

ಶನಿವಾರ ಎರಡು ಆಟ. ಮಧ್ಯಾಹ್ನದ್ದು ಮುಗಿದ ತಕ್ಷಣ ಹಿಮವನ್ನೆಲ್ಲ ಗುಡಿಸಿ ಗುಡ್ಡೆ ಹಾಕಬೇಕು. ಕೆಲವರು ಅದನ್ನೇ ಸಂಜೆಗೂ ಬಳಸುತ್ತಾರೆ, ಜರಡಿ ಹಿಡಿದ ಮೇಲೆ. ಕುಣಿತದವರ ಕೂದಲಿನ ಪಿನ್ನು, ಸೆಟ್ಟಿನ ಸ್ಕ್ರೂ, ಕಿತ್ತು ಬಿದ್ದ ಮಣಿ ಎಲ್ಲ ಅದರಲ್ಲಿ ಸೇರಿರುತ್ತವೆ. ಅಷ್ಟು ಎತ್ತರದಿಂದ ಹಿಮದ ಜೊತೆ ಒಂದು ಸ್ಕ್ರೂ ಬಿದ್ದರೆ ಕೆಳಗೆ ಮುಖ ಎತ್ತಿ ಹಾಡುತ್ತಿರುವವರ ಗತಿ ಏನು?