ತಪ್ಪಿಸಿಕೊಳ್ಳಲು ಆಗುವಂಥ ಕ್ಷಿಪಣಿ

ನಾನು ತುಮಕೂರಿನ ಮನೆಯಲ್ಲೇ ಕೂತು ವಿಡಿಯೊ ಗೇಮ್‌ಗಳಿಗೆ ಕೋಡ್ ಬರೆಯುತ್ತೇನೆ. ಗೇಮ್‌ನೊಳಗೆ ಯಾವ ವಸ್ತು ಹೇಗೆ ಓಡಬೇಕು, ಹೇಗೆ ಬೀಳಬೇಕು ಎನ್ನುವುದು ನನ್ನ ಪಾಲಿನ ಕೆಲಸ. ಲಾರಿ, ದೋಣಿ, ವಿಮಾನ ಎಲ್ಲ ಮಾಡಿದ್ದೇನೆ. ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿದಿದ್ದು ಒಂದು ಯುದ್ಧದ ಗೇಮ್‌ನ ಕ್ಷಿಪಣಿ.

ಮೊದಲ ಸಲ ಅದು ಸಿದ್ಧವಾದಾಗ ಗುಬ್ಬಿಯಲ್ಲಿರುವ ಅಣ್ಣನ ಮಗನಿಗೆ ಆಡಲು ಕಳಿಸಿದೆ. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆದಾಗಿನಿಂದ ಅವನ ಬಾಯಲ್ಲಿ ಬರೀ ಹೆಲಿಕಾಪ್ಟರ್ ಮಾತು. ಗೇಮ್‌ನಲ್ಲೂ ಅದನ್ನೇ ಆರಿಸಿಕೊಂಡ. ಹತ್ತೇ ನಿಮಿಷಕ್ಕೆ ಫೋನ್ ಬಂತು. "ಚಿಕ್ಕಪ್ಪ, ಇದು ಮೋಸ. ಏನ್ ಮಾಡಿದ್ರೂ ಬಂದು ಹೊಡೆಯುತ್ತೆ."

ಅವನ ಮಾತು ನಿಜ. ಗುರಿ ಎಲ್ಲಿದೆ ಎಂಬುದು ಗೇಮ್‌ನ ಮೆಮೊರಿಯಲ್ಲೇ ಇರುತ್ತದೆ ಅಲ್ವಾ? ನನ್ನ ಕ್ಷಿಪಣಿ ಅದನ್ನು ನೇರವಾಗಿ ಓದಿಕೊಂಡು ಮೂತಿ ತಿರುಗಿಸುತ್ತಿತ್ತು. ಅದರ ವೇಗ ಇಳಿಯುತ್ತಿರಲಿಲ್ಲ. ಕಣ್ಣು ಮಂಜಾಗುತ್ತಿರಲಿಲ್ಲ. ಅಂದಿನಿಂದ ನಾನು ಮಾಡಿದ್ದೆಲ್ಲ ಅದರ ಶಕ್ತಿಯನ್ನು ಒಂದೊಂದಾಗಿ ಕಿತ್ತುಕೊಳ್ಳುವ ಕೆಲಸವೇ. ನಿಜದ ಕ್ಷಿಪಣಿಗೆ ಏನೇನು ಮಾಡಲು ಆಗುವುದಿಲ್ಲ ಎಂದು ತಿಳಿದುಕೊಂಡಷ್ಟೂ ಪರದೆಯ ಮೇಲಿನದು ನಿಜವಾಗುತ್ತಾ ಬಂತು.

ಮೊದಲು ಕೈ ಹಾಕಿದ್ದು ತಿರುಗುವ ಶಕ್ತಿಗೆ. ಅದಕ್ಕೊಂದು ಮಿತಿ ಹಾಕಿದೆ ನೋಡಿ, ಹೊಸ ತಮಾಷೆ ಶುರುವಾಯಿತು. ಕ್ಷಿಪಣಿ ಹೆಲಿಕಾಪ್ಟರ್ ಸುತ್ತ ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ಸದಾ ಗುರಿಯ ಕಡೆಗೇ ಮೂತಿ ಇಡಲು ಹೋದರೆ ಹೀಗಾಗುತ್ತದೆ. ಬೈಕ್ ಹಿಂದೆ ಓಡುವ ಬೀದಿನಾಯಿಯೂ ಹಾಗೇ. ಬೈಕ್ ಈಗ ಎಲ್ಲಿದೆಯೋ ಅಲ್ಲಿಗೇ ಓಡುತ್ತದೆ, ಕೊನೆಗೆ ಹಿಂದೆಯೇ ಉಳಿಯುತ್ತದೆ.

ಶಿರಾ ಕಡೆ ಕುರಿ ಕಾಯುವ ಹುಡುಗರನ್ನು ನೋಡಿ. ಒಂದು ಕುರಿ ಹಿಂಡು ಬಿಟ್ಟು ಪಕ್ಕದ ಹೊಲಕ್ಕೆ ನುಗ್ಗಿದರೆ ಅದರ ಬಾಲದ ಹಿಂದೆ ಯಾರೂ ಓಡುವುದಿಲ್ಲ. ಅದು ಹೋಗಿ ಸೇರುವ ಜಾಗಕ್ಕೆ ಅಡ್ಡ ಓಡುತ್ತಾರೆ. ಕ್ಷಿಪಣಿಯೂ ಗುರಿಗೆ ಹೀಗೇ ಅಡ್ಡ ಹಾಕಬೇಕು. ಆದರೆ ಗುರಿ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಅದಕ್ಕೆ ಯಾರು ಹೇಳಬೇಕು?

ಯಾರೂ ಹೇಳಬೇಕಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಅಡ್ಡರಸ್ತೆಯಿಂದ ಒಂದು ಲಾರಿ ಹೆದ್ದಾರಿ ಕಡೆಗೆ ಬರುತ್ತಿದೆ ಎಂದುಕೊಳ್ಳಿ. ಕಿಟಕಿ ಗಾಜಿನ ಮೇಲೆ ಅದು ಹಿಂದಕ್ಕೆ ಜರುಗುತ್ತಿದ್ದರೆ ನಾವು ಮೊದಲು ದಾಟುತ್ತೇವೆ. ಮುಂದಕ್ಕೆ ಜರುಗುತ್ತಿದ್ದರೆ ಲಾರಿ ಮೊದಲು ದಾಟುತ್ತದೆ. ಗಾಜಿನ ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತಾ ಬಂದರೆ ಡಿಕ್ಕಿ ಖಂಡಿತ. ಹಡಗಿನವರು ಡಿಕ್ಕಿ ತಪ್ಪಿಸಲು ಈ ಲೆಕ್ಕ ಬಳಸುತ್ತಾರೆ. ಕ್ಷಿಪಣಿ ಡಿಕ್ಕಿ ಮಾಡಿಸಲು ಬಳಸುತ್ತದೆ.

ಇದರ ಹೆಸರು ಪ್ರಪೋರ್ಷನಲ್ ನ್ಯಾವಿಗೇಷನ್. ಕ್ಷಿಪಣಿಯಿಂದ ಗುರಿಗೆ ಎಳೆದ ನೋಟದ ಗೆರೆ ಎಷ್ಟು ಬೇಗ ತಿರುಗುತ್ತಿದೆ ಎಂದು ಅಳೆಯಬೇಕು. ಅದನ್ನು ಇಬ್ಬರೂ ಹತ್ತಿರವಾಗುತ್ತಿರುವ ವೇಗದಿಂದ ಗುಣಿಸಬೇಕು. ಮತ್ತೆ 3ರಿಂದ 5ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಬೇಕು. ಅಷ್ಟು ಬಲದಲ್ಲಿ ಪಕ್ಕಕ್ಕೆ ತಿರುಗಿದರೆ ಗೆರೆ ತಿರುಗುವುದು ನಿಲ್ಲುತ್ತಾ ಬರುತ್ತದೆ. ಕೋಡ್‌ನಲ್ಲಿ ನಾಲ್ಕೈದು ಸಾಲು, ಅಷ್ಟೇ. ಸಂಖ್ಯೆ ಕಮ್ಮಿಯಾದರೆ ತಿರುಗುವ ಕೆಲಸವೆಲ್ಲ ಕೊನೆ ಗಳಿಗೆಗೆ ಉಳಿಯುತ್ತದೆ. ಜಾಸ್ತಿಯಾದರೆ ಅಳತೆಯ ಸಣ್ಣ ತಪ್ಪಿಗೂ ಕ್ಷಿಪಣಿ ನಡುಗುತ್ತದೆ.

ಈ ಲೆಕ್ಕಕ್ಕೆ ಕಂಪ್ಯೂಟರೇ ಬೇಕು ಅಂತಲೂ ಇಲ್ಲ. ಅಮೆರಿಕದ ನೌಕಾಪಡೆಯ ಚೈನಾ ಲೇಕ್ ಕೇಂದ್ರದಲ್ಲಿ ವಿಲಿಯಂ ಮೆಕ್ಲೀನ್ ತಂಡ ಮಾಡಿದ ಸೈಡ್‌ವೈಂಡರ್ ಕ್ಷಿಪಣಿ 1953ರಲ್ಲಿ ಮೊದಲ ಸಲ ಹಾರುವ ಗುರಿಗೆ ಹೊಡೆಯಿತು. ಅದರ ಕಣ್ಣು, ಅಂದರೆ ಗುರಿಯ ಶಾಖ ಗುರುತಿಸುವ ಭಾಗ, ಬುಗುರಿಯ ಹಾಗೆ ಗಿರಗಿರ ತಿರುಗುವ ಗೈರೊ ಎಂಬ ಚಕ್ರದ ಮೇಲಿತ್ತು. ಗುರಿಯ ಕಡೆಗೆ ಗೈರೊವನ್ನು ಬಾಗಿಸಲು ಎಷ್ಟು ಬಲ ಬೇಕೋ ಅದೇ ನೋಟದ ಗೆರೆಯ ವೇಗದ ಅಳತೆ. ಆ ಸಂಕೇತವೇ ರೆಕ್ಕೆಗಳಿಗೂ ಹೋಗುತ್ತಿತ್ತು. ಇದನ್ನು ಮೊದಲು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಪೆರಿಗ್ರಿನ್ ಡೇಗೆ ಎಂಬ ಬೇಟೆಹಕ್ಕಿ ಬೇಟೆಯ ಬೆನ್ನು ಹತ್ತುವ ದಾರಿಯೂ ಇದೇ ಸೂತ್ರಕ್ಕೆ ಹೊಂದುತ್ತದೆ ಎಂದು ಆಕ್ಸ್‌ಫರ್ಡ್ ಸಂಶೋಧಕರು 2017ರಲ್ಲಿ ತೋರಿಸಿದರು.

ದಾರಿ ಸರಿಹೋಯಿತು. ಆದರೂ ಗೇಮ್‌ನಲ್ಲಿ ಅಣ್ಣನ ಮಗ ಬದುಕುತ್ತಿರಲಿಲ್ಲ. ಯಾಕೆಂದರೆ ನನ್ನ ಕ್ಷಿಪಣಿಗೆ ಸುಸ್ತೇ ಆಗುತ್ತಿರಲಿಲ್ಲ.

ಗೇಮ್ ಮಾಡುವವರು ಎಡವುವುದು ಜಾಸ್ತಿ ಇಲ್ಲೇ. ಇಂಥ ಸಣ್ಣ ಕ್ಷಿಪಣಿಯ ರಾಕೆಟ್ ಮೋಟಾರ್ ಉರಿಯುವುದು ಕೆಲವೇ ಸೆಕೆಂಡ್. ಆಮೇಲೆ ಅದು ಎಸೆದ ಕಲ್ಲಿನ ಹಾಗೆ. ಮೊದಲು ಸಿಕ್ಕ ವೇಗವೇ ಅದರ ಗಂಟು. ಗಾಳಿ ಅದನ್ನು ತಿನ್ನುತ್ತಾ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಒಂದೊಂದು ತಿರುವಿಗೂ ಮತ್ತಷ್ಟು ವೇಗ ಕಳೆದುಕೊಳ್ಳಬೇಕು. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕೆ.ಜಿ. 10 ಕಿ.ಮೀ. ಎತ್ತರದಲ್ಲಿ ಅದರ ಮೂರನೇ ಒಂದು ಪಾಲು. ಹಾಗಾಗಿ ಮೇಲೆ ಬಿಟ್ಟ ಕ್ಷಿಪಣಿ ತುಂಬಾ ದೂರ ಹೋಗುತ್ತದೆ, ಕೆಳಗೆ ಬಿಟ್ಟದ್ದು ಬೇಗ ಬಸವಳಿಯುತ್ತದೆ. ಗೇಮ್‌ಗಳಲ್ಲಿ 'ವ್ಯಾಪ್ತಿ 20 ಕಿ.ಮೀ.' ಎಂದು ಒಂದೇ ಸಂಖ್ಯೆ ಬರೆದುಬಿಡುತ್ತಾರಲ್ಲ, ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಯಾವ ಎತ್ತರದಲ್ಲಿ, ಎಷ್ಟು ವೇಗದಲ್ಲಿ, ಎದುರು ಬರುವ ಗುರಿಗೋ ಓಡಿಹೋಗುವ ಗುರಿಗೋ ಎಂದು ಹೇಳದೆ ಆ ಸಂಖ್ಯೆಗೆ ಅರ್ಥವಿಲ್ಲ.

ತಿರುವಿಗೂ ವೇಗದ್ದೇ ಲೆಕ್ಕ. ನಮ್ಮ ಗೇಮ್‌ನಲ್ಲಿ ಕ್ಷಿಪಣಿಯ ಮೈ ತಡೆಯುವುದು 30 ಜಿ, ಅಂದರೆ ಭೂಮಿಯ ಸೆಳೆತದ 30 ಪಟ್ಟು. ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಅಷ್ಟು ಬಲ ಹಾಕಿದರೂ ಅದು ತಿರುಗುವ ವೃತ್ತದ ತ್ರಿಜ್ಯ ಸುಮಾರು 2.7 ಕಿ.ಮೀ.! ಇನ್ನು ವೇಗ ಅರ್ಧಕ್ಕೆ ಇಳಿದರೆ ರೆಕ್ಕೆಗೆ ಸಿಗುವ ಗಾಳಿಯ ಒತ್ತಡವೇ ಕಾಲು ಭಾಗ. ಆಗ 30 ಜಿ ಕೇಳಿದರೂ ಸಿಗುವುದಿಲ್ಲ.

ಕಣ್ಣಿನ ವಿಷಯ ಚಿಕ್ಕದು. ಮೆಮೊರಿಯಿಂದ ಓದುವುದನ್ನು ನಿಲ್ಲಿಸಿದೆ. ಕ್ಷಿಪಣಿಗೆ ಮುಂದಿನ ಒಂದು ಕೋನದೊಳಗೆ ಮಾತ್ರ ಕಾಣಬೇಕು, ಅದೂ ಸ್ವಲ್ಪ ತಡವಾಗಿ, ಸ್ವಲ್ಪ ತಪ್ಪಾಗಿ. ಶಾಖ ಹುಡುಕಿಕೊಂಡು ಹೋಗುವ ಹಳೆಯ ಕ್ಷಿಪಣಿಗಳು ಬಿಸಿಲಿಗೂ, ದಾರಿ ತಪ್ಪಿಸಲು ವಿಮಾನದಿಂದ ಉದುರಿಸುವ ಉರಿಯುವ ಫ್ಲೇರ್‌ಗೂ ಮರುಳಾಗುತ್ತಿದ್ದವು. ಹೊಸವು ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ.

ಕೊನೆಗೆ ಕಾಡಿದ್ದು ಒಂದು ಶುದ್ಧ ಗೇಮ್ ಸಮಸ್ಯೆ. ಎಲ್ಲ ಸರಿಯಿದ್ದರೂ ಕೆಲವು ಸಲ ಕ್ಷಿಪಣಿ ಹೆಲಿಕಾಪ್ಟರ್‌ನ ಮೈಯೊಳಗೇ ತೂರಿ ಆಚೆ ಹೋಗುತ್ತಿತ್ತು. ಏನೂ ಆಗುತ್ತಿರಲಿಲ್ಲ. ಮೂರು ದಿನ ಹುಡುಕಿದೆ. ಗೇಮ್ ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್ ತೋರಿಸುತ್ತದೆ. ಹಾಗಾಗಿ 900 ಮೀಟರ್ ವೇಗದ ಕ್ಷಿಪಣಿ ಒಂದು ಫ್ರೇಮ್‌ಗೆ 15 ಮೀಟರ್ ಜಿಗಿಯುತ್ತದೆ. ಒಂದು ಫ್ರೇಮ್‌ನಲ್ಲಿ ಗುರಿಯ ಈಚೆ, ಮುಂದಿನದರಲ್ಲಿ ಆಚೆ. ನಡುವೆ ನಡೆದದ್ದು ಗೇಮ್‌ಗೆ ಗೊತ್ತೇ ಆಗುವುದಿಲ್ಲ. ಈಗ ಎರಡು ಫ್ರೇಮ್‌ಗಳ ನಡುವಿನ ದಾರಿಯನ್ನು ಗೆರೆಯಾಗಿ ತೆಗೆದುಕೊಂಡು, ಇಬ್ಬರೂ ಅತಿ ಹತ್ತಿರ ಬಂದ ಬಿಂದು ಯಾವುದು ಎಂದು ಲೆಕ್ಕ ಹಾಕುತ್ತೇನೆ. ನಿಜದ ಹಲವು ಕ್ಷಿಪಣಿಗಳೂ ತಾಗಲೇಬೇಕು ಎಂದಿಲ್ಲ, ಹತ್ತಿರ ಬಂದರೆ ಸಾಕು, ಸಿಡಿಯುತ್ತವೆ.

ಹೊಸದನ್ನು ಮತ್ತೆ ಗುಬ್ಬಿಗೆ ಕಳಿಸಿದೆ. ರಾತ್ರಿ ಹತ್ತೂವರೆಗೆ ಫೋನ್. ಹೆಲಿಕಾಪ್ಟರ್‌ನಲ್ಲಿ ಎರಡು ಸಲ ತಪ್ಪಿಸಿಕೊಂಡಿದ್ದ. ಕ್ಷಿಪಣಿಯ ಹೊಗೆ ನಿಂತಿದ್ದನ್ನು ನೋಡಿ, ನೆಲಕ್ಕೆ ಹತ್ತಿರ ಇಳಿದು, ಗುಡ್ಡ ಬಳಸಿ ಓಡಿದನಂತೆ. ಆಮೇಲೆ ಯುದ್ಧವಿಮಾನ ಹತ್ತಿ 10 ಕಿ.ಮೀ. ಮೇಲೆ ಅದನ್ನೇ ಮಾಡಲು ಹೋಗಿದ್ದಾನೆ, ಹೊಡೆಸಿಕೊಂಡಿದ್ದಾನೆ.

"ಇದೂ ಮೋಸ ಅಂತೀಯಾ?" ಎಂದು ಕೇಳಿದೆ.

"ಇಲ್ಲ ಚಿಕ್ಕಪ್ಪ. ಮೇಲೆ ಗಾಳಿ ಕಮ್ಮಿ ಅಲ್ವಾ, ಅದಕ್ಕೆ ಸುಸ್ತಾಗಲಿಲ್ಲ."

ಅದನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ.